ಲೆಕ್ಕದಕ್ಕನ ನಲವತ್ತು ಸೆಕೆಂಡು

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಬಾಗಿಲು ಹಾಕಿದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಹಳೆಯ ಪೇಪರು ಹಾಸಿ, ಅದರ ಮೇಲೆ ಚೀಲ ಇಟ್ಟು, ಒಂದೊಂದೇ ಸಾಮಾನು ಹೊರಗೆ ತೆಗೆಯುತ್ತಾರೆ. ಕ್ಲಿಪ್ಪಿನ ರಟ್ಟು, ಗೆರೆ ಹಾಕಿದ ಹಾಳೆಗಳು, ದಾರ ಕಟ್ಟಿದ ಪೆನ್ಸಿಲ್ಲು, ಕೊರಳಿಗೆ ಹಾಕಿಕೊಳ್ಳುವ ಸ್ಟಾಪ್‌ವಾಚು. ಪೆನ್ನು ಯಾಕಿಲ್ಲ ಎಂದು ಕೇಳುತ್ತೇನೆ. "ಪೆನ್ನು ಮಳೇಲಿ ಅಳುತ್ತೆ. ಪೆನ್ಸಿಲ್ಲು ಗಟ್ಟಿಗಿತ್ತಿ" ಎನ್ನುತ್ತಾರೆ. ಅಷ್ಟರಲ್ಲಿ ಮೊದಲ ಬಸ್ಸಿನ ದೀಪ ತಿರುವಿನಲ್ಲಿ ಕಾಣುತ್ತದೆ. ನನ್ನ ಜೊತೆಗಿನ ಮಾತು ಅಲ್ಲಿಗೆ ಮುಗಿಯುತ್ತದೆ.

ಕಂಪನಿಗಳು ತಮ್ಮ ನೌಕರರಿಗಾಗಿ ಓಡಿಸುವ ಖಾಸಗಿ ಷಟಲ್ ಬಸ್ಸುಗಳನ್ನು ಎಣಿಸುವುದು ಇವರ ಕೆಲಸ. ಗಾಡಿಯ ನಂಬರು, ನಿಂತ ಹೊತ್ತು, ಹೊರಟ ಹೊತ್ತು, ಹತ್ತಿದವರು, ಇಳಿದವರು. ಹಾಳೆಯಲ್ಲಿ ಇರುವುದು ಈ ಐದೇ ಕಾಲಂ. ಬೆಳಿಗ್ಗೆ ಹತ್ತೂವರೆಯವರೆಗೆ ನೂರಾ ನಲವತ್ತರಷ್ಟು ಬಸ್ಸುಗಳು ಹಾದುಹೋಗುತ್ತವೆ. ಅಷ್ಟು ಹೊತ್ತೂ ನಿಂತೇ ಇರಬೇಕು. ಕೂತರೆ ಹಿಂದಿನ ಬಾಗಿಲು ಕಾಣುವುದಿಲ್ಲ. ಚಾಲಕರು ಇವರನ್ನು ಲೆಕ್ಕದಕ್ಕ ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಅವರಿಗೆ ಅದೇ ಇಷ್ಟ.

ಎರಡು ವರ್ಷದಿಂದ ನಾನು ಇದೇ ಜಾಗದಲ್ಲಿ ಎಂಟೂವರೆಯ ಷಟಲ್ ಹತ್ತುತ್ತಿದ್ದೇನೆ. ಕಿತ್ತಳೆ ಜಾಕೆಟ್ಟಿನ ಈ ಹೆಂಗಸು ಯಾರು, ಏನು ಬರೆಯುತ್ತಾರೆ ಎಂದು ಒಂದು ದಿನವೂ ತಲೆಗೆ ಹಚ್ಚಿಕೊಂಡವನಲ್ಲ. ಬಾಗಿಲು ತೆರೆದ ತಕ್ಷಣ ಹಾರಿ ಹತ್ತುವುದರಲ್ಲೇ ನನ್ನ ಗಮನವೆಲ್ಲ. ಯಾಕೆ ಹಾಗೆ ಹಾರಿ ಹತ್ತಬೇಕು ಎಂಬುದಕ್ಕೆ ಉತ್ತರ ಇವರ ಹಾಳೆಯಲ್ಲಿದೆ ಎಂದು ಗೊತ್ತಾಗಿದ್ದು ಈಚೆಗೆ, ಅದಕ್ಕೇ ಇವತ್ತು ಇಷ್ಟು ಬೇಗ ಬಂದಿದ್ದೇನೆ.

ಲೆಕ್ಕದಕ್ಕನ ಮನೆ ಇಲ್ಲಿಂದ ಅರ್ಧ ಗಂಟೆಯ ನಡಿಗೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಗಂಡ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ರಾತ್ರಿ ಪಾಳಿ ಮುಗಿಸಿ ಐದಕ್ಕೆ ಬರುತ್ತಾರೆ, ಇವರು ಐದಕ್ಕೆ ಹೊರಡುತ್ತಾರೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅರ್ಧ ಮಾತುಕತೆ ಹೊಸ್ತಿಲ ಮೇಲೇ ಆಗಿದೆ ಎಂದು ಇವರೇ ನಗುತ್ತಾರೆ. ಒಳಗೆ ಎಪ್ಪತ್ತೆಂಟರ ಅತ್ತೆ. ಬಾಯಿ ಸ್ವಲ್ಪ ಜೋರು. ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ನೆರೆಯವರು ಕೇಳಿದರೆ, ಕಂಡವರ ಬಸ್ಸು ಎಣಿಸ್ತಾಳೆ, ನಮ್ಮ ಮನೆಗಂತೂ ಒಂದು ಸೈಕಲ್ಲೂ ಇಲ್ಲ ಎಂದು ಮೂಗು ಮುರಿಯುತ್ತಾರಂತೆ.

ಮೊದಲು ಇವರು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ, ಕಾಜಾ ಎಣಿಸಿ ನೋಡುವ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿತು. ಆರು ವರ್ಷದ ಹಿಂದೆ ಸಾರಿಗೆ ಕಚೇರಿ ಹನ್ನೆರಡು ಮಂದಿ ಎಣಿಕೆಗಾರರನ್ನು ದಿನಗೂಲಿಗೆ ತೆಗೆದುಕೊಂಡಾಗ, ಎಣಿಸುವುದೊಂದು ತನಗೆ ಬರುತ್ತದೆ ಎಂದು ಅರ್ಜಿ ಹಾಕಿದರು. ಎಣಿಸುವುದು ಅವರಿಗೆ ಅಂಟಿದ ಚಟ. ಮನೆಯ ಹನ್ನೊಂದು ಮೆಟ್ಟಿಲು ಹತ್ತಲು ಅತ್ತೆಗೆ ಎಷ್ಟು ಹೊತ್ತು ಬೇಕು ಎಂದು ಹಿಂದಿನಿಂದ ಸದ್ದಿಲ್ಲದೆ ಲೆಕ್ಕ ಹಾಕಿ ಬೈಸಿಕೊಂಡದ್ದೂ ಉಂಟು. ನನ್ನನ್ನೂ ನಿನ್ನ ಹಾಳೇಲಿ ಬರ್ಕೋತೀಯೇನೇ ಎಂದಿದ್ದರಂತೆ ಅತ್ತೆ.

ಆಗ ಈ ಬಸ್ಸುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಮನಸ್ಸು ಬಂದಲ್ಲಿ ನಿಲ್ಲುತ್ತಿದ್ದವು, ನಗರದ ಬಸ್ಸುಗಳು ಹಿಂದೆ ಸಾಲುಗಟ್ಟಿ ಹಾರ್ನು ಬಾರಿಸುತ್ತಿದ್ದವು. ಕೊನೆಗೆ ಕಚೇರಿ ಪರವಾನಗಿ ಪದ್ಧತಿ ತಂದಿತು. ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ನಿಲ್ಲಬೇಕು, ಎಲ್ಲೆಲ್ಲಿ ನಿಂತಿರಿ ಎಂಬ ಡೇಟಾವನ್ನು ತಿಂಗಳಿಗೊಮ್ಮೆ ಕಳಿಸಬೇಕು ಎಂದಿತು. ಹನ್ನೊಂದು ಕಂಪನಿಗಳಿಂದ ಹನ್ನೊಂದು ಬಗೆಯ ಫೈಲುಗಳು ಬಂದವು. ಒಬ್ಬರ ಪ್ರಕಾರ ಎಂಜಿನ್ ಆರಿಸಿದರೆ ಮಾತ್ರ ನಿಂತ ಹಾಗೆ. ಇನ್ನೊಬ್ಬರಿಗೆ ಸಿಗ್ನಲ್ಲಿನಲ್ಲಿ ಕಾದದ್ದೂ ನಿಲುಗಡೆ. ಮತ್ತೊಬ್ಬರು ಸಮಯವನ್ನೇ ಬಿಟ್ಟು ಬರೀ ತಾರೀಖು ಬರೆದು ಕೈ ತೊಳೆದುಕೊಂಡಿದ್ದರು. ಎಲ್ಲರಿಗೂ ಒಂದೇ ಅಳತೆ ಬೇಕು, ಒಂದು ಡೇಟಾ ಮಾನದಂಡ ಬೇಕು ಎಂದು ಹೊರಟ ಕಚೇರಿ ಮೊದಲ ಪ್ರಶ್ನೆಗೇ ತಲೆ ಕೆರೆದುಕೊಂಡಿತು. ಬಸ್ಸು ನಿಂತಿತು ಎಂದರೆ ಏನು?

ಉತ್ತರ ಹುಡುಕುವ ಕೆಲಸ ಲೆಕ್ಕದಕ್ಕನ ಪಾಲಿಗೆ ಬಂತು. ಮಾನದಂಡ ಬರೆಯುತ್ತಿದ್ದ ಅಧಿಕಾರಿ, ಎಣಿಕೆಗಾರರ ಬಾಯಲ್ಲಿ ಫೈಲು ಸಾಹೇಬರು, ಇವರ ಹಾಳೆಗಳೇ ಎಲ್ಲಕ್ಕಿಂತ ಅಚ್ಚುಕಟ್ಟು ಎಂದು ಕಂಡು, ಬಸ್ಸು ಜನರಿಗಾಗಿ ನಿಲ್ಲುವುದಕ್ಕೂ ದಟ್ಟಣೆಯಲ್ಲಿ ಸಿಕ್ಕಿ ನಿಲ್ಲುವುದಕ್ಕೂ ಹೊತ್ತಿನಲ್ಲಿ ಏನು ವ್ಯತ್ಯಾಸ ಎಂದು ಅಳೆದು ಕೊಡಲು ಹೇಳಿದರು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದರು. ದಟ್ಟಣೆಯಲ್ಲಿ ನಿಂತದ್ದು ಮೂವತ್ತೈದು ಸೆಕೆಂಡು ದಾಟಿರಲಿಲ್ಲ. ಜನ ಹತ್ತಲು ನಿಂತದ್ದು ನಲವತ್ತೈದಕ್ಕೆ ಕಡಿಮೆ ಇರಲಿಲ್ಲ. ನಡುವೆ ಗೆರೆ ಎಳೆದು ನಲವತ್ತು ಎಂದು ಬರೆದುಕೊಟ್ಟರು.

ಎರಡು ವರ್ಷದ ಹಿಂದೆ ಮಾನದಂಡ ಪುಸ್ತಕವಾಗಿ ಬಂತು. ಹದಿನಾಲ್ಕನೆಯ ಪುಟದಲ್ಲಿ ಒಂದು ಸಾಲು: ನಲವತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಮಾತ್ರ ನಿಲುಗಡೆ. ಪುಸ್ತಕದಲ್ಲಿ ಇವರ ಹೆಸರಿಲ್ಲ, ಇರುವ ಪದ್ಧತಿಯೂ ಇಲ್ಲ. ಆದರೂ ಒಂದು ಪ್ರತಿ ಮನೆಗೆ ತಂದಿದ್ದರು. ಗಂಡ ಅದಕ್ಕೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಹೊದಿಕೆ ಹಾಕಿಕೊಟ್ಟರು. ಬಂದವರಿಗೆಲ್ಲ ಅತ್ತೆ ಹದಿನಾಲ್ಕನೆಯ ಪುಟ ತೆಗೆದು ತೋರಿಸುತ್ತಿದ್ದರು.

ಔಷಧಿ ಅಂಗಡಿಯ ಮುಂದಿನ ಈ ಜಾಗ ಗೊತ್ತುಪಡಿಸಿದ ನಿಲುಗಡೆಯಲ್ಲ. ಅದು ಮುಂದಿನ ದೊಡ್ಡ ವೃತ್ತದಲ್ಲಿದೆ. ಆದರೆ ದುಡಿಯುವವರ ಮನೆಗಳೆಲ್ಲ ಈ ಓಣಿಗಳಲ್ಲಿ. ಹಾಗಾಗಿ ಬಸ್ಸುಗಳು ಇಲ್ಲಿ ನಿಲ್ಲುವುದನ್ನು ಬಿಡಲಿಲ್ಲ, ನಿಲ್ಲುವ ಹೊತ್ತನ್ನು ಕಡಿಮೆ ಮಾಡಿದವು; ನಲವತ್ತು ದಾಟದಿದ್ದರೆ ಫೈಲಿನಲ್ಲಿ ಅದು ನಿಲುಗಡೆಯೇ ಅಲ್ಲವಲ್ಲ. ಮೂವತ್ತೆಂಟಾದರೆ ಸಾಕು, ಹೊರಟುಬಿಡಿ ಎಂದು ಚಾಲಕರಿಗೆ ಅಪ್ಪಣೆಯಾಯಿತು. ಕನ್ನಡಿಯ ಪಕ್ಕದಲ್ಲಿ ಸಣ್ಣ ಗಡಿಯಾರ ಬಂತು. ನಾನು ಹಾರಿ ಹತ್ತುವುದನ್ನು ಕಲಿತದ್ದು ಆಗಲೇ.

"ನಾನು ಅಳೆದಿದ್ದು ಯಾರೂ ಗಡಿಯಾರ ನೋಡದೆ ಇದ್ದಾಗಿನ ಹೊತ್ತು. ಅದನ್ನೇ ಪುಸ್ತಕಕ್ಕೆ ಹಾಕಿದ ಮೇಲೆ ಎಲ್ಲರೂ ಗಡಿಯಾರ ನೋಡೋಕೆ ಶುರು ಮಾಡಿದ್ರು. ಅಷ್ಟು ನಂಗೆ ಹೊಳೀಲಿಲ್ಲ" ಎನ್ನುತ್ತಾರೆ. ಹೀಗೆನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಹೊಳೆಯದೆ ಹೋದದ್ದಕ್ಕೆ ಬೆಲೆ ತೆತ್ತವರು ಒಬ್ಬ ಅಮ್ಮ. ಅರವತ್ತರ ಆಸುಪಾಸು, ಯಾವುದೋ ಕಂಪನಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಮಂಡಿ ಸರಿಯಿಲ್ಲ. ದಿನಾ ಆರು ನಲವತ್ತರ ಬಸ್ಸು. ತನ್ನಿಂದ ಯಾರಿಗೂ ತಡವಾಗಬಾರದು ಎಂದು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಹತ್ತುತ್ತಿದ್ದರು. ಕಂಬಿ ಹಿಡಿದು, ಒಂದು ಕಾಲಿಟ್ಟು, ಉಸಿರೆಳೆದು, ಇನ್ನೊಂದು ಕಾಲಿಡಲು ಹತ್ತೊಂಬತ್ತು ಸೆಕೆಂಡು ಬೇಕಾಗುತ್ತಿತ್ತು. ಎಣಿಕೆಗಾರರು ಪ್ರಯಾಣಿಕರ ಜೊತೆ ಮಾತಾಡಬಾರದು ಎಂಬ ನಿಯಮ ಆಗ ಕಟ್ಟುನಿಟ್ಟಾಗಿತ್ತು. ಹೆಸರು ಕೇಳಲಿಲ್ಲ. ಲೆಕ್ಕದಕ್ಕ ಮನಸ್ಸಿನಲ್ಲೇ ಅವರಿಗೆ ಹತ್ತೊಂಬತ್ತಮ್ಮ ಎಂದು ಹೆಸರಿಟ್ಟಿದ್ದರು. ಐದು ವರ್ಷ ಇವರಿಬ್ಬರ ನಡುವೆ ನಡೆದದ್ದು ಒಂದು ನಗು, ಒಂದು ತಲೆಯಾಡಿಸುವಿಕೆ, ಅಷ್ಟೇ.

ಹದಿಮೂರು ತಿಂಗಳ ಹಿಂದಿನ ಒಂದು ಬೆಳಿಗ್ಗೆ, ಹನ್ನೊಂದು ಮಂದಿ ಹತ್ತಿದ ಮೇಲೆ, ಆ ಅಮ್ಮ ಒಂದು ಕಾಲಿಟ್ಟಿದ್ದರು. ಬಸ್ಸು ಹೊರಟಿತು. ಕೈ ಕಂಬಿಯಲ್ಲಿತ್ತು, ಇನ್ನೊಂದು ಕಾಲು ರಸ್ತೆಯಲ್ಲಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ತೀರಿಕೊಂಡರು. ಅವತ್ತು ರಸ್ತೆ ಕಟ್ಟಿ ನನ್ನ ಎಂಟೂವರೆಯ ಬಸ್ಸು ತಡವಾಗಿ ಬಂದಿತ್ತು. ನಾನು ಗೊಣಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ದಿನದ ಹಾಳೆಯನ್ನು ಲೆಕ್ಕದಕ್ಕ ನನಗೆ ತೋರಿಸುತ್ತಾರೆ. ನಿಂತದ್ದು ಮೂವತ್ತಾರು ಸೆಕೆಂಡು. ಹತ್ತಿದವರ ಕಾಲಂನಲ್ಲಿ ಹನ್ನೊಂದು. ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ, 'ಒಬ್ಬರು, ಅರ್ಧ'. ಕಂಪನಿಯ ಫೈಲಿನಲ್ಲಿ ಇದ್ಯಾವುದೂ ಇಲ್ಲ. ಮೂವತ್ತಾರು ನಲವತ್ತಕ್ಕಿಂತ ಕಡಿಮೆ, ಆದ್ದರಿಂದ ಬಸ್ಸು ಅಲ್ಲಿ ನಿಂತೇ ಇಲ್ಲ. ನಿಲ್ಲದ ಬಸ್ಸನ್ನು ಹತ್ತಲು ಹೋದದ್ದು ಮೃತರ ಅಜಾಗರೂಕತೆ ಎಂದು ತನಿಖೆಯ ವರದಿ ಮುಗಿಯಿತು. ಪೆನ್ಸಿಲ್ಲಿನಲ್ಲಿ ಬರೆದ ಹಾಳೆಯನ್ನು ಅಳಿಸಿ ತಿದ್ದಬಹುದು, ಹಾಗಾಗಿ ಅದು ಸಾಕ್ಷಿಯಾಗುವುದಿಲ್ಲ ಎಂದರಂತೆ. ಲೆಕ್ಕದಕ್ಕ ಹಾಳೆ ಮಡಿಸಿ ಚೀಲದಲ್ಲಿಡುತ್ತಾರೆ.

ವರದಿ ಬಂದ ಮುಂದಿನ ತಿಂಗಳು ಆ ಅಮ್ಮನ ಮಗಳು ಇಲ್ಲಿಗೇ ಹುಡುಕಿಕೊಂಡು ಬಂದರು. ಎಣಿಕೆ ಮುಗಿದ ಮೇಲೆ ಇಬ್ಬರೂ ಇದೇ ಮೆಟ್ಟಿಲ ಮೇಲೆ ಕೂತರು. ಅಮ್ಮ ಜನ್ಮದಲ್ಲಿ ಯಾವುದಕ್ಕೂ ಅವಸರ ಮಾಡಿದವಳಲ್ಲ, ಓಡುವ ಬಸ್ಸು ಹತ್ತಿದಳು ಅಂತ ಬರೆದಿದ್ದಾರೆ, ನಿಜವಾ ಎಂದು ಮಗಳು ಕೇಳಿದರು. ಅಲ್ಲ, ಬಾಗಿಲು ತೆರೆದಿತ್ತು, ಬಸ್ಸು ನಿಂತಿತ್ತು ಎಂದು ಲೆಕ್ಕದಕ್ಕ ಹೇಳಿದರು. ಆ ನಲವತ್ತು ತನ್ನದೇ ಎಂದೂ ಹೇಳಿದರು. ಹೇಳದೆ ಇರಲು ಆಗಲಿಲ್ಲವಂತೆ. ಮಗಳು ಬೈಯುತ್ತಾರೆ ಎಂದುಕೊಂಡಿದ್ದರು. ಅವರು ಬೈಯಲಿಲ್ಲ, ಅಮ್ಮನ ಸೆಕೆಂಡುಗಳೆಲ್ಲ ಬರೆದಿಟ್ಟಿದ್ದೀರಾ ಎಂದು ಕೇಳಿದರು.

ಬರೆದಿಟ್ಟಿದ್ದರು. ಹೊತ್ತಾಗುವವರು ಯಾರಾದರೂ ಇದ್ದರೆ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುವ ರೂಢಿ ಇವರದು. ಮೊದಲ ವರ್ಷ ಹದಿನೇಳು. ಆಮೇಲೆ ಬಹುಕಾಲ ಹತ್ತೊಂಬತ್ತು. ಕೊನೆಯ ಚಳಿಗಾಲದಲ್ಲಿ ಇಪ್ಪತ್ತಮೂರು.

"ಮಗಳು ಆ ಇಪ್ಪತ್ತಮೂರು ನೋಡಿ ಅತ್ತುಬಿಟ್ಲು. ಮಂಡಿ ನೋವು ಜಾಸ್ತಿ ಆಗಿದೆ ಅಂತ ಮನೇಲಿ ಒಂದು ದಿನಾನೂ ಹೇಳಿಲ್ವಂತೆ. ನಂಗೆ ಗೊತ್ತಿತ್ತು, ನೋಡಿ. ಹೆಸರು ಗೊತ್ತಿಲ್ಲದ ನಂಗೆ ಗೊತ್ತಿತ್ತು, ಹೆತ್ತ ಮಗಳಿಗೆ ಗೊತ್ತಿರಲಿಲ್ಲ." ಇಷ್ಟು ಹೇಳಿ ಲೆಕ್ಕದಕ್ಕ ರಸ್ತೆಯ ಕಡೆ ತಿರುಗುತ್ತಾರೆ. ಬಸ್ಸೊಂದು ಬಂದಿದೆ. ನಂಬರು ಬರೆಯುತ್ತಾರೆ, ವಾಚು ಒತ್ತುತ್ತಾರೆ, ಕಣ್ಣು ಒರೆಸಿಕೊಳ್ಳಲು ಪುರುಸೊತ್ತಿಲ್ಲ.

ಅಂದಿನಿಂದ ಹದಿನಾಲ್ಕನೆಯ ಪುಟವನ್ನು ಅತ್ತೆ ಯಾರಿಗೂ ತೋರಿಸುವುದಿಲ್ಲ. ಸೊಸೆ ಹೇಳಿದ್ದಲ್ಲ, ತಾವೇ ಪುಸ್ತಕವನ್ನು ಅಟ್ಟದ ಮೇಲೆ ಹಾಕಿಸಿದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಯಾಕೇ ಈಗ ಎಣಿಸಲ್ಲ ಎಂದು ಒಮ್ಮೆ ಕೇಳಿದರಂತೆ. ಸೊಸೆ ಅವರ ಸೊಂಟಕ್ಕೆ ಕೈ ಆಸರೆ ಕೊಟ್ಟು ಹಿಂದೆ ನಿಂತರು.

ಲೆಕ್ಕದಕ್ಕ ಬೇಡುತ್ತಿರುವುದು ಒಂದು ಕಾಲಂ, ಬಾಗಿಲಿನದು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ದೀಪ ಹತ್ತುತ್ತದೆ, ಆ ದೀಪದ ತಂತಿಯಿಂದಲೇ ಡೇಟಾ ತೆಗೆಯಬಹುದು ಎಂದು ಒಬ್ಬ ಚಾಲಕನೇ ಇವರಿಗೆ ಹೇಳಿಕೊಟ್ಟ. ಬಾಗಿಲು ತೆರೆದಿದ್ದರೆ ಅದು ನಿಲುಗಡೆ, ಮುಚ್ಚಿದ ಮೇಲೆ ಮುಗಿಯಿತು ಎಂದು ಬರೆದುಬಿಟ್ಟರೆ ಯಾರಿಗೂ ಗಡಿಯಾರ ನೋಡುವ ಕೆಲಸವಿರುವುದಿಲ್ಲ. ಅರ್ಜಿ ಹಿಡಿದು ಫೈಲು ಸಾಹೇಬರ ಬಳಿ ಹೋದರು. ಅವರು ಒಳ್ಳೆಯವರು. ಅಳತೆ ನಿಮ್ಮದಾದರೂ ಸಹಿ ನನ್ನದು, ತಪ್ಪು ನನ್ನ ತಲೆ ಮೇಲಿರಲಿ ಎಂದು ಸಮಾಧಾನ ಹೇಳಿ, ಹೊಸ ಕರಡಿನಲ್ಲಿ ಬಾಗಿಲಿನ ಕಾಲಂ ಸೇರಿಸಿದರು. ಕಂಪನಿಗಳು ಹಳೆಯ ಗಾಡಿಗಳಲ್ಲಿ ಆಗುವುದಿಲ್ಲ ಎಂದು ತಕರಾರು ತೆಗೆದವು. ಕಾಲಂ ಉಳಿಯಿತು, ಪಕ್ಕದಲ್ಲಿ 'ಸಾಧ್ಯವಿದ್ದಲ್ಲಿ' ಎಂಬ ಮಾತು ಬಂದು ಕೂತಿತು. ಸಾಧ್ಯವಿದ್ದಲ್ಲಿ ಎಂದರೆ ಯಾರಿಗೂ ಸಾಧ್ಯವಾಗುವುದಿಲ್ಲ ಎಂದು ಕಚೇರಿಯ ಕಾಗದ ಓದಿದವರಿಗೆಲ್ಲ ಗೊತ್ತು.

ಹೋದ ವಾರ ಅಂತಿಮ ಸಭೆಗೆ ಇವರನ್ನೂ ಕರೆದಿದ್ದರು. ಉದ್ದನೆಯ ಮೇಜು, ಹನ್ನೊಂದು ಕಂಪನಿಗಳ ಹನ್ನೊಂದು ಮಂದಿ, ಕೊನೆಯ ಕುರ್ಚಿಯಲ್ಲಿ ಇವರು. ಬಾಗಿಲಿನ ವಿಷಯ ಬಗೆಹರಿಯಲಿಲ್ಲ. ಕೊನೆಗೆ ಸಭೆಯ ಅಧ್ಯಕ್ಷರು ಬಹಳ ಮರ್ಯಾದೆಯಿಂದಲೇ ಇವರ ಕಡೆ ತಿರುಗಿ, ನಲವತ್ತು ಬೇಡವಾದರೆ ಎಷ್ಟು ಇಡೋಣ, ಇಪ್ಪತ್ತೋ ಹತ್ತೋ, ನಿಮಗಿಂತ ಅನುಭವಸ್ಥರು ಇಲ್ಲಿ ಯಾರಿದ್ದಾರೆ, ನೀವೇ ಹೇಳಿ ಎಂದರು. ಹನ್ನೊಂದೂ ಪೆನ್ನುಗಳು ಕಾದು ನಿಂತವು. ಇವರು ಹೇಳುವುದಿಲ್ಲ ಎಂದರು. ಎರಡನೆಯ ಸಲ ಕೇಳಿದಾಗಲೂ ಇಲ್ಲ ಎಂದರು. ಸಂಖ್ಯೆ ಕೊಡಲು ಒಪ್ಪದ ಎಣಿಕೆಗಾರ್ತಿಯಿಂದ ಏನು ಪ್ರಯೋಜನ ಎಂದು ಯಾರೋ ನಕ್ಕರಂತೆ.

ಈ ತಿಂಗಳ ಕೊನೆಗೆ ಕೆಲಸವೂ ಮುಗಿಯುತ್ತದೆ. ಇನ್ನು ಮುಂದೆ ಫೈಲುಗಳು ತಾವಾಗಿಯೇ ಬರುತ್ತವೆ, ರಸ್ತೆಯಲ್ಲಿ ನಿಂತು ಎಣಿಸುವವರು ಬೇಕಿಲ್ಲ. ಬಾಗಿಲಿನ ತೀರ್ಮಾನ ಇನ್ನೂ ಬಂದಿಲ್ಲ. ಬರುವ ಹೊತ್ತಿಗೆ ಇವರು ಇಲ್ಲಿ ಇರುವುದಿಲ್ಲ.

ಆರು ನಲವತ್ತರ ಬಸ್ಸು ಬರುತ್ತದೆ. ಬಾಗಿಲು ತೆರೆಯುತ್ತದೆ, ಮೆಟ್ಟಿಲ ಮೇಲೆ ಹಳದಿ ದೀಪ ಹತ್ತುತ್ತದೆ, ಜನ ಒಬ್ಬರ ಬೆನ್ನಿಗೊಬ್ಬರು ನುಗ್ಗುತ್ತಾರೆ. ಲೆಕ್ಕದಕ್ಕ ರಸ್ತೆಯ ಅಂಚಿಗೆ ಹೋಗಿ, ಚಾಲಕನ ಕನ್ನಡಿಗೆ ಕಾಣುವ ಹಾಗೆ, ಕೊನೆಯವರು ಹತ್ತಿ ಮುಗಿಯುವವರೆಗೂ ರಟ್ಟನ್ನು ಎತ್ತಿ ಹಿಡಿಯುತ್ತಾರೆ. ಇದು ಅವರ ಕೆಲಸದಲ್ಲಿ ಸೇರಿದ್ದಲ್ಲ. ಹದಿಮೂರು ತಿಂಗಳಿಂದ ತಾವಾಗಿಯೇ ಹಚ್ಚಿಕೊಂಡದ್ದು. ಬಸ್ಸು ಹೋದ ಮೇಲೆ, ಸಭೆಯಲ್ಲಿ ಯಾಕೆ ಒಂದು ಸಂಖ್ಯೆ ಹೇಳಲಿಲ್ಲ ಎಂದು ನಾನು ಕೇಳುತ್ತೇನೆ.

ಅವರು ಪೆನ್ಸಿಲ್ಲನ್ನು ರಟ್ಟಿಗೆ ಸಿಕ್ಕಿಸುತ್ತಾರೆ.

"ನಾನು ಎಷ್ಟು ಅಂತ ಹೇಳಿದ್ರೂ, ಯಾರೋ ಒಬ್ಬರು ಅಷ್ಟರೊಳಗೆ ಹತ್ತಬೇಕಾಗುತ್ತಲ್ಲ."