ಗ್ಯಾರೇಜ್ ಇಲೆವನ್ ಕಟ್ಟಿದವರು

ತನಿಯಪ್ಪಣ್ಣ ಮುಂದಿನ ವಾರ ಕುವೈತ್ ಬಿಟ್ಟು ಊರಿಗೆ ಹೋಗುತ್ತಾರೆ. ಅರವತ್ತು ತುಂಬಿದೆ. ಮೂವತ್ತು ವರ್ಷ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದೇ ಗ್ಯಾರೇಜಿನಲ್ಲಿ ಡೆಂಟರ್ ಆಗಿದ್ದವರು. ಅಪ್ಪಚ್ಚಿಯಾದ ಕಾರಿನ ಬಾಗಿಲನ್ನು ಬಡಿದು ಬಡಿದು ಮೊದಲಿನ ಹಾಗೆ ಮಾಡುವುದು ಅವರ ಕೆಲಸ. ಆ ಬಡಿತಕ್ಕೆ ಬಲಗಿವಿ ಹೋಗಿದೆ. ಇಂಥವರ ಬಗ್ಗೆ ಬರೆಯುವಾಗ ನಾಲ್ಕು ಸಿಹಿ ಮಾತಿನಿಂದ ಶುರುಮಾಡಬೇಕು ಎಂದಿದ್ದೆ. ಆಗುತ್ತಿಲ್ಲ, ಸಿಟ್ಟಿನಿಂದ ಮೈ ಉರಿಯುತ್ತಿದೆ.

ನಾನು ಸಿಸಿಲಿಯಾ, ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನನ್ನ ಗಂಡ ಕೊನ್ರಾಡ್ ಶುವೈಖ್‌ನಲ್ಲೇ ಸ್ಟೋರ್‌ಕೀಪರ್. 1999ರ ಚಳಿಗಾಲದಲ್ಲಿ ತನಿಯಪ್ಪಣ್ಣ ಫುಟ್‌ಬಾಲ್ ತಂಡ ಕಟ್ಟಿದಾಗ ಗೋಲ್‌ಕೀಪರ್ ಆದವರು ಇವರೇ. ತಂಡದ ಹೆಸರು ಗ್ಯಾರೇಜ್ ಇಲೆವನ್. ಗ್ಯಾರೇಜಿನ ಹಿಂದಿನ ಮರಳು ಬಯಲಿನಲ್ಲಿ ನಾಲ್ಕು ಖಾಲಿ ಆಯಿಲ್ ಡ್ರಮ್ಮುಗಳೇ ಗೋಲ್ ಕಂಬ. ಲಾಂಡ್ರಿಯ ಇದ್ದಿನಬ್ಬ ಹನ್ನೊಂದು ಬಿಳಿ ಬನಿಯನ್ನುಗಳಿಗೆ ಕೆಂಪು ಬಣ್ಣ ಹಾಕಿಕೊಟ್ಟರು. ಮೊದಲ ದಿನವೇ ಬೆವರಿಗೆ ಬಣ್ಣ ಬಿಟ್ಟು ಮೈಯೆಲ್ಲ ಕೆಂಪಾಗಿ, ಇವರು ಮನೆಗೆ ಬಂದಾಗ ಎಲ್ಲಿ ಏಟಾಯಿತೋ ಎಂದು ನಾನು ಡೆಟ್ಟಾಲ್ ತೆಗೆದುಕೊಂಡು ಓಡಿದ್ದೆ.

ಡ್ರೈವರ್, ವೆಲ್ಡರ್, ಹೋಟೆಲಿನ ಸಪ್ಲೈಯರ್ ಎಲ್ಲರನ್ನೂ ಶುಕ್ರವಾರ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ, ಗ್ಯಾರೇಜಿನ ಪಿಕಪ್ಪಿನಲ್ಲಿ ಹೇರಿಕೊಂಡು ಬರುತ್ತಿದ್ದವರು ತನಿಯಪ್ಪಣ್ಣ. ಊರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದು, ರಜೆ ಸಿಗದೆ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಕ್ರೇನ್ ಆಪರೇಟರ್ ಕ್ಲೇಟನ್‌ನನ್ನು ಕೈಹಿಡಿದು ಮೈದಾನಕ್ಕೆ ತಂದವರೂ ಅವರೇ. ಕ್ಲೇಟನ್ ಆ ದಿನ ಅಳುತ್ತಲೇ ಆಡಿದ ಎಂದು ಇವರು ಈಗಲೂ ಹೇಳುತ್ತಾರೆ.

ತಂಡ ಬೆಳೆಯಿತು, ಸರಿಯಾದ ಮೈದಾನ ಬೇಕಾಯಿತು. ಒಂದು ಶಾಲೆಯವರು ಕೊಡಲು ಒಪ್ಪಿದರು, ಆದರೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಪತ್ರ ಬೇಕು, ಮೇಲೆ ಸೀಲು ಬೇಕು ಎಂದರು. ಇಲ್ಲಿ ಎಲ್ಲವೂ ಹಾಗೆಯೇ, ಡೆಂಟರನ ಸಹಿಗೆ ಯಾರೂ ಬಾಗಿಲು ತೆರೆಯುವುದಿಲ್ಲ. ತನಿಯಪ್ಪಣ್ಣ ಮಿರ್ಕಾಬ್‌ನ ಒಂದು ಆಫೀಸಿಗೆ ಹೋಗಿ, ಊರಿನ ಕಡೆಯವರೇ ಆದ ಮ್ಯಾನೇಜರರ ಮುಂದೆ ನಿಂತರು. ಅವರು ಸಹಿ ಹಾಕಿ ಕೊಟ್ಟರು. ಉಪಕಾರವೇ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಪಂದ್ಯ ನೋಡಲಿಕ್ಕೂ ಆ ಮನುಷ್ಯ ಬಂದವರಲ್ಲ. ತನಿಯಪ್ಪಣ್ಣ ಮಾತ್ರ ಆ ಪತ್ರದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಾಸ್‌ಪೋರ್ಟಿನ ಪ್ರತಿಯ ಜೊತೆಗೆ ಜೋಪಾನ ಮಾಡಿದರು.

ಈಗ ತಂಡದ ಹೆಸರು ಕೋಸ್ಟಲ್ ಗನ್ನರ್ಸ್. ಅಧ್ಯಕ್ಷ ಸುಮಿತ್, ಆ ಮ್ಯಾನೇಜರರ ಮಗ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ನನಗೆ ಫೋನ್ ಮಾಡಿದ.

“ಆಂಟಿ, ನೀವು ಒಳ್ಳೆ ಕನ್ನಡ ಬರೀತೀರಲ್ಲ. ಆರ್ಸೆನಲ್ ಹೇಗೆ ಸ್ಟಾರ್ಟ್ ಆಯ್ತು ಅಂತ ಮೊದಲು ಹಾಕಿ, ಮತ್ತೆ ನಮ್ಮ ಹಿಸ್ಟರಿ. ನಾವು ಗನ್ನರ್ಸ್ ಅಲ್ವಾ.”

ಇಂಗ್ಲೆಂಡಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿಗೆ ಗನ್ನರ್ಸ್ ಎಂದು ಅಡ್ಡಹೆಸರಂತೆ, ಅದರ ಕಥೆ ಓದಿ ಬರೆದೆ. 1886ರಲ್ಲಿ ಲಂಡನ್ ಬಳಿಯ ವೂಲಿಚ್‌ನಲ್ಲಿ, ಸರಕಾರದ ಮದ್ದುಗುಂಡು ಕಾರ್ಖಾನೆಯ ಒಂದು ವರ್ಕ್‌ಶಾಪಿನ ಕೆಲಸಗಾರರು ಸೇರಿ ಕಟ್ಟಿದ ತಂಡ ಅದು. ಹಾಕಲು ಅಂಗಿ ಇರಲಿಲ್ಲ. ಅವರಲ್ಲಿ ಮೊದಲು ನಾಟಿಂಗ್‌ಹ್ಯಾಮಿನಲ್ಲಿ ಆಡಿದವರಿದ್ದರು. ಅಲ್ಲಿನ ಕ್ಲಬ್ಬನ್ನು ಕೇಳಿದರು, ಕೆಂಪು ಅಂಗಿಗಳೂ ಒಂದು ಚೆಂಡೂ ಬಂದವು. ಮೊದಲ ಪಂದ್ಯದ ಬಯಲಿನ ಬದಿಯಲ್ಲೇ ಕೊಳಚೆ ಚರಂಡಿ ಇತ್ತಂತೆ. ಐದು ವರ್ಷದಲ್ಲಿ ಆಟಗಾರರಿಗೆ ಸಂಬಳ ಕೊಡುವ ಕ್ಲಬ್ಬಾಯಿತು. 1913ರಲ್ಲಿ ಥೇಮ್ಸ್ ನದಿ ದಾಟಿ ಉತ್ತರ ಲಂಡನ್ನಿಗೆ ಹೋಯಿತು. ಇಷ್ಟು ಬರೆದು, ಅದರ ಕೆಳಗೆ ನಮ್ಮ ಕಥೆ ಬರೆದೆ: ಡ್ರಮ್ಮು, ಬನಿಯನ್ನು, ಪಿಕಪ್ಪು, ಹನ್ನೊಂದು ಹೆಸರು.

ಸಂಚಿಕೆ ಕೈಗೆ ಬಂತು. ವೂಲಿಚ್‌ನ ಕೆಲಸಗಾರರು ಇದ್ದರು, ಅವರ ಚರಂಡಿಯೂ ಇತ್ತು. ಶುವೈಖ್‌ನವರು ಯಾರೂ ಇರಲಿಲ್ಲ. “ನಮ್ಮ ಕ್ಲಬ್ಬಿನ ಸ್ಥಾಪಕರು” ಎಂದು ಸುಮಿತ್‌ನ ಅಪ್ಪನ ಕೋಟು ಹಾಕಿದ ಫೋಟೋ, ಪಕ್ಕದಲ್ಲಿ ಸಾಕ್ಷಿಗೆ ಆ ಪತ್ರ. ಹಳೆಯ ನೆನಪು ಏನಾದರೂ ಇದ್ದರೆ ಕೊಡಿ ಎಂದು ಕಮಿಟಿಯವರು ಕೇಳಿದ್ದಕ್ಕೆ, ಕವರು ಸಮೇತ ಸಂಭ್ರಮದಿಂದ ಕೊಟ್ಟವರು ತನಿಯಪ್ಪಣ್ಣನೇ.

ಸುಮಿತ್‌ಗೆ ಫೋನ್ ಮಾಡಿದೆ.

“ಆಂಟಿ, ಸ್ಪಾನ್ಸರ್ಸ್ ಎಲ್ಲ ಓದ್ತಾರೆ. ಡೆಂಟರ್, ಲಾಂಡ್ರಿ ಅಂತೆಲ್ಲ ಹಾಕಿದ್ರೆ ಕ್ಲಬ್ ಇಮೇಜ್ ಏನಾಗ್ತದೆ? ಮತ್ತೆ ಡಾಕ್ಯುಮೆಂಟ್‌ನಲ್ಲಿ ಡ್ಯಾಡಿಯ ಸೈನ್ ಅಲ್ವಾ ಇರೋದು?”

ನೋಡಿ ಈ ಕಮಿಟಿಯವರ ಧಿಮಾಕು. ಇಂಗ್ಲೆಂಡಿನವರ ಮೈಗೆ ಮೆತ್ತಿದ ಮಸಿ ಇವರಿಗೆ ಚರಿತ್ರೆ, ನಮ್ಮವರ ಕೈಯ ಗ್ರೀಸು ನಾಚಿಕೆ. ಅಂಗಡಿಯಲ್ಲಿ ಆ ಕಾರ್ಖಾನೆಯವರ ಕೆಂಪು ಅಂಗಿ ಕೊಂಡು ಎದೆಯುಬ್ಬಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಇದ್ದಿನಬ್ಬನ ಬನಿಯನ್ನಿನ ಮಾತೆತ್ತಿದರೆ ಮರ್ಯಾದೆ ಹೋಗುತ್ತದಂತೆ. ನಾನು ಆಗ ಫೋನಿಟ್ಟೆ. ಮನೆಯಲ್ಲಿ ಕೊನ್ರಾಡ್ “ಬಿಡು, ತನಿಯಪ್ಪ ಹೊರಡುವ ಹೊತ್ತಿಗೆ ಯಾಕೆ ಗಲಾಟೆ” ಎಂದರು, ನಾನೂ ಬಿಟ್ಟೆ. ಲೇಖನದ ಕೆಳಗೆ ನನ್ನ ಹೆಸರು ಹಾಗೆಯೇ ಅಚ್ಚಾಗಿತ್ತು, ಆ ನಾಚಿಕೆ ನನ್ನದು.

ತನಿಯಪ್ಪಣ್ಣನಿಗೆ ಬೇಕಾಗಿದ್ದದ್ದು ಒಂದೇ. “ಸಿಸಿಲಿಯಾ ಬಾಯಿ, ಇಷ್ಟು ವರ್ಷ ಅಲ್ಲಿ ಎಂತ ಮಾಡಿದೆ ಅಂತ ಊರಲ್ಲಿ ಕೇಳಿದ್ರೆ ಈ ಪುಸ್ತಕ ತೋರಿಸ್ಲಿಕ್ಕುಂಟು,” ಎಂದು ತಿಂಗಳಿನಿಂದ ಹೇಳುತ್ತಿದ್ದರು. ಬಡಿದು ಸರಿಮಾಡಿದ ಕಾರುಗಳ ಮೇಲೆ ಅವರ ಹೆಸರಿಲ್ಲ. ಹೆಸರು ಇರಬಹುದಾಗಿದ್ದ ಜಾಗ ಇದೊಂದೇ.

ಶುಕ್ರವಾರ ಸಂಜೆ ಬೆಳ್ಳಿಹಬ್ಬದ ಸಮಾರಂಭ. ಸುಮಿತ್ ಭಾಷಣದಲ್ಲಿ ವೂಲಿಚ್‌ನ ಕೆಲಸಗಾರರನ್ನು ಕೊಂಡಾಡಿದ, ಮಕ್ಕಳಿಗೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದ. ಚಪ್ಪಾಳೆ. ಅಪ್ಪನ ಹೆಸರು ಹೇಳಿದ, ಮತ್ತೆ ಚಪ್ಪಾಳೆ. ಆಮೇಲೆ, ಬಹುಕಾಲದ ಸ್ವಯಂಸೇವಕರು ಎಂದು ತನಿಯಪ್ಪಣ್ಣನನ್ನು ಕರೆದು ಶಾಲು ಹೊದೆಸಿದ. ಅವರು ಮೈಕು ಕೇಳಿದರು. ಸುಮಿತ್ ನಗುತ್ತಲೇ ಕೊಟ್ಟ.

“ಸುಮಿತ್, ಆ ಇಂಗ್ಲೆಂಡಿನ ಫ್ಯಾಕ್ಟರಿ ಉಂಟಲ್ಲ, ಅದರ ಮ್ಯಾನೇಜರ್ ಹೆಸರು ಎಂತ?”

ಸುಮಿತ್ ಮೊಬೈಲಿಗೆ ಕೈಹಾಕಿದ.

“ಬೇಡ, ಹುಡುಕಬೇಡ. ನಂಗೂ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅಪ್ಪ ಸಹಿ ಹಾಕಿದ್ರು, ಅವರಿಗೆ ನನ್ನ ನಮಸ್ಕಾರ ಉಂಟು. ಆಡಿದ್ದು ಯಾರು ಅಂತ ನಾನು ಹೇಳ್ತೇನೆ.”

ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟರು. “ಕೊನ್ರಾಡ್, ಸ್ಟೋರ್‌ಕೀಪರ್. ಇದ್ದಿನಬ್ಬ, ಲಾಂಡ್ರಿ. ಕ್ಲೇಟನ್, ಕ್ರೇನ್.” ಒಂದೊಂದು ಹೆಸರು, ಅವರವರ ಕೆಲಸ, ಅವಸರವಿಲ್ಲದೆ ಹೇಳುತ್ತ ಹೋದರು. ನನ್ನ ಪಕ್ಕದಲ್ಲಿ ಇವರು ತಲೆತಗ್ಗಿಸಿ ಅಳುತ್ತಿದ್ದರು. ಹತ್ತು ಹೆಸರು ಹೇಳಿ ತನಿಯಪ್ಪಣ್ಣ ಮೈಕನ್ನು ವಾಪಸು ಕೊಟ್ಟರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಜಾತಿಯವರಲ್ಲ ಅವರು.

ನಾನು ಎದ್ದು ನಿಂತೆ. ಅವರ ಬಲಗಿವಿಗೂ ಮುಟ್ಟುವಷ್ಟು ಜೋರಾಗಿ ಹೇಳಿದೆ.

“ಹನ್ನೊಂದನೆಯದು ತನಿಯಪ್ಪ, ಡೆಂಟರ್. ತಂಡ ಕಟ್ಟಿದವರು ಅವರು.”