ಗರ್ಡರಿಗೆ ಕಟ್ಟಿದ ಜೋಕಾಲಿ

ಹಳೆಯ ರೈಲು ಸೇತುವೆಯ ನೆನಪುಗಳನ್ನು ದಾಖಲಿಸುವ ಕೆಲಸಕ್ಕಾಗಿ ಗುಡೇಕೋಟೆಯ ದ್ಯಾಮಕ್ಕನೊಡನೆ ಮೊದಲ ಮಾತುಕತೆಯನ್ನು ಗೊತ್ತುಮಾಡಿದವಳು ಅವಳ ಸೊಸೆ ದುರ್ಗಾದೇವಿ. ಮಾತಾಡುವುದಾದರೆ ತವರಿನಲ್ಲಿ, ತಮ್ಮ ಎರ್ರೆಪ್ಪನ ಎದುರಿಗೇ ಎಂಬುದು ದ್ಯಾಮಕ್ಕನ ಷರತ್ತು. "ಅವ ಇಲ್ಲದಾಗ ಹೇಳಿದ್ರ, ಆಮ್ಯಾಲೆ ಎಲ್ಲಾ ಸುಳ್ಳು ಅಂತಾನ." ಹೀಗಾಗಿ ಒಂದು ಭಾನುವಾರ ಹಗರಿಬೊಮ್ಮನಹಳ್ಳಿಯ ಬಳಿ, ಹೊಳೆದಂಡೆಯ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೂ ಕುಳಿತರು.

ಆ ಊರಿನಲ್ಲಿ ನಾಗರ ಪಂಚಮಿಯ ಜೋಕಾಲಿಗೆ ತಕ್ಕ ಮರವಿರಲಿಲ್ಲ. ಇದ್ದದ್ದು ರೈಲು ಸೇತುವೆ. ದಂಡೆಗೆ ಹತ್ತಿರದ ಎರಡು ಕಂಬಗಳ ನಡುವಿನ ಕಣ್ಣಿನ ಕೆಳಗೆ ವರ್ಷದ ಬಹುಪಾಲು ಬರೀ ಉಸುಕು. ಹಳಿ ದುರಸ್ತಿ ಮಾಡುವ ರೈಲ್ವೆ ಗ್ಯಾಂಗಿನಲ್ಲಿದ್ದ ಎರ್ರೆಪ್ಪ, ಪಂಚಮಿಗೆ ಬರುವ ಅಕ್ಕನಿಗಾಗಿ ಅಲ್ಲಿನ ಕಬ್ಬಿಣದ ಗರ್ಡರಿಗೆ ಹಗ್ಗ ಬಿಗಿಯುತ್ತಿದ್ದ. ಮೇಲೆ ಕೊಟ್ಟೂರಿನ ಗಾಡಿ ಹಾದರೆ ಹಗ್ಗ ಅಂಗೈಯಲ್ಲಿ ಗುಂಯ್‌ಗುಡುತ್ತಿತ್ತು. ದ್ಯಾಮಕ್ಕ ಆ ಹೊತ್ತಿಗಾಗಿಯೇ ಕಾದು ಜೀಕುತ್ತಿದ್ದಳು.

ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬರುವಾಗ, ತುಕ್ಕು ತಿಂದ ಸೇತುವೆಯ ಪಕ್ಕದಲ್ಲಿ ಕಾಂಕ್ರೀಟಿನದೊಂದು ಎದ್ದಿತು. ಹಳೆಯದನ್ನು ಬಿಚ್ಚುವುದು ಪಂಚಮಿಯ ಬೆಳಿಗ್ಗೆಯಿಂದ ಎಂದು ನಿಗದಿಯಾಯಿತು. ದ್ಯಾಮಕ್ಕನಿಗೆ ಅದು ತಿಳಿದದ್ದು ಹಿಂದಿನ ದಿನ, ತವರಿಗೆ ಬಂದಿಳಿದ ಮೇಲೆ. ತವರಿನವರು ನಾಗಪ್ಪನಿಗೆ ಹಾಲೆರೆಯುವುದು ಪಂಚಮಿಯಂದು. ಹಾಲೆರೆಯದೆ ಜೋಕಾಲಿ ಏರುವ ಪದ್ಧತಿಯಿಲ್ಲ.

"ಒಂದಿನ ತಡೀರಿ ಅಂತ ರೈಲ್ವೆ ಸಾಹೇಬ್ರಿಗೆ ನೀ ಹೇಳೋ ತಮ್ಮಾ."

"ಹೇಳೀನಿ. ಕ್ರೇನು ಬಂದು ನಿಂತೈತಿ ಅಂದ್ರು. ಮನ್ಯಾಗ ತೊಲಿಗೆ ಕಟ್ತೀನಿ, ಸುಮ್ನಿರು."

"ತೊಟ್ಲಾಗ ತೂಗಿಸ್ಕೊಳ್ಳೋ ವಯಸ್ಸೇನ್ಲೇ ನಂದು?"

ಆಕೆ ಕೈಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೇಬಿಟ್ಟಳು. ಎರ್ರೆಪ್ಪ ಬಾಗಿಲಿಗೆ ಅಡ್ಡ ನಿಂತ.

"ನಿನ್ನ ಗಂಡನ ಮನ್ಯಾಗ ಹಾಲು ಯಾವತ್ತು ಎರಿತಾರ?"

"ಚೌತಿಗೆ."

"ಇವತ್ತು ಏನೈತಿ?"

ಗಂಡನ ಮನೆಯ ಆ ಪದ್ಧತಿಯನ್ನು ದ್ಯಾಮಕ್ಕ ತವರಿಗೆ ಬಂದಾಗಲೆಲ್ಲ ಆಡಿಕೊಂಡು ನಕ್ಕವಳು. ಚೌತಿಯ ಹಾಲು ನಾಗಪ್ಪನಿಗೆ ಮುಟ್ಟುವುದೇ ಇಲ್ಲ ಎಂದು ವಾದಿಸಿದವಳು. ಬಹಳ ಹೊತ್ತು ಹೊಸ್ತಿಲ ಮೇಲೆ ಕುಳಿತಳು. ಕೊನೆಗೆ ಕೈಚೀಲ ಕೆಳಗಿಟ್ಟಳು.

"ನಮ್ಮ ಮನಿಯವ್ರ ಕಿವಿಗೆ ಬಿತ್ತಂದ್ರ ನಿನ್ನ ಬಿಡಂಗಿಲ್ಲ. ಹಾಲು ಎಲ್ಲೈತಿ?"

ಹುತ್ತಕ್ಕೆ ಹಾಲೆರೆದು ಬರುವಷ್ಟರಲ್ಲಿ ಗರ್ಡರಿಗೆ ಹಗ್ಗ ಬಿಗಿದಾಗಿತ್ತು. ಗ್ಯಾಂಗಿನ ಮೇಸ್ತ್ರಿ ಬೀಡಿ ಹಚ್ಚುವ ನೆವದಲ್ಲಿ ಆ ಕಡೆ ತಿರುಗಿ ನಿಂತ. ದ್ಯಾಮಕ್ಕ ಸೆರಗು ಸಿಕ್ಕಿಸಿ, ಮಣೆಯ ಮೇಲೆ ನಿಂತೇ ಜೀಕಿದಳು. ತಮ್ಮ ಸಾಕೆನ್ನುವವರೆಗೂ ಇಳಿಯಲಿಲ್ಲ. ಅವನೂ ಬೇಗ ಸಾಕೆನ್ನಲಿಲ್ಲ.

ಇಬ್ಬರೂ ತಕರಾರಿಲ್ಲದೆ ಒಪ್ಪಿದ ಮೇಲೆ ದಾಖಲೆಯಲ್ಲಿ ಬರೆದದ್ದು: ಹಳೆಯ ಸೇತುವೆಗೆ ಕೊನೆಯ ಜೋಕಾಲಿ ಕಟ್ಟಿದ್ದು ೨೦೦೩ರ ಆಗಸ್ಟ್ ೧, ಶುಕ್ರವಾರ, ನಾಗರ ಚೌತಿ.