ಹೊಸ ಫೋನಿನಲ್ಲಿ ಒಂದೇ ನಂಬರು

ನಮ್ಮ ಹೊಲಿಗೆ ಅಂಗಡಿಯಲ್ಲಿ ಕಾಜಾ ಅಮ್ಮನಿಗೆ ಒಂದು ಮಾತು ಹೇಳಬೇಕಾದರೆ ಇಡೀ ಬೀದಿಗೆ ಕೇಳುವಂತೆ ಕೂಗಬೇಕಿತ್ತು. ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವರ ಕೆಲಸ. ಹೆಸರೂ ಅದರಿಂದಲೇ ಅಂಟಿಕೊಂಡಿದ್ದು. ನಾನು ಪಕ್ಕದ ಮಿಷನ್ನಿನಲ್ಲಿ ಕಾಲರು ಕೂರಿಸುವವಳು. ದಿನವಿಡೀ ಅವರ ಜೊತೆ ಕೂಗಿ ಕೂಗಿ ನನಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ಉಪ್ಪು ಕೊಡು ಅನ್ನೋಕೂ ಯಾಕೆ ಹೀಗೆ ಅರಚ್ತೀಯಾ?" ಎಂದು ಮನೆಯಲ್ಲಿ ಗಂಡ ಬೈಯುತ್ತಿದ್ದರು.

ಕಿವಿ ಮಂದವಾದವರಿಗೆ ಒಂದು ಜಾಣತನ ತಾನಾಗಿ ಬರುತ್ತದೆ. ಪ್ರತಿ ಮಾತಿಗೂ 'ಏನು, ಏನು' ಎಂದರೆ ಎದುರಿಗಿರುವವರು ಮುಖ ಸಿಂಡರಿಸುತ್ತಾರೆ ಎಂದು ಗೊತ್ತಾಗಿಬಿಟ್ಟಿರುತ್ತದೆ. ಅದಕ್ಕೇ ಕಾಜಾ ಅಮ್ಮ ಎಲ್ಲದಕ್ಕೂ ಒಂದೇ ಉತ್ತರ ಇಟ್ಟುಕೊಂಡಿದ್ದರು. "ಹೌದಾ? ಒಳ್ಳೇದಾಯ್ತು ಬಿಡು." ಒಮ್ಮೆ ಕಟಿಂಗ್ ಮಾಸ್ಟರು ಓಡಿ ಬಂದು, ಗಿರಾಕಿಯ ಕೋಟು ಇಸ್ತ್ರಿಯಲ್ಲಿ ಸುಟ್ಟುಹೋಯಿತು ಎಂದು ತಲೆ ಚಚ್ಚಿಕೊಂಡಾಗಲೂ ಅದನ್ನೇ ಹೇಳಿದರು. ಮಾಸ್ಟರ ಮುಖ ನೋಡಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಜಾ ಅಮ್ಮನೂ ನಕ್ಕರು, ನಾವು ಯಾಕೆ ನಗುತ್ತಿದ್ದೇವೆಂದು ತಿಳಿಯದೆ.

ಅವರಿಗೆ ಇದ್ದವಳು ಒಬ್ಬಳೇ ತಂಗಿ, ಪುಟ್ಟಿ. ತಾಯಿ ಬೇಗ ಹೋದದ್ದರಿಂದ ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಇವರೇ. ಇವರ ಗಂಡ ಮದುವೆಯಾದ ಹೊಸದರಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪುಟ್ಟಿ ದೂರದ ಊರಿಗೆ ಹೋದಳು, ಮಗ ಹುಟ್ಟಿದ, ಸೊಸೆ ಬಂದಳು. ಹೋಗಿ ಬರುವುದು ಕಮ್ಮಿಯಾಗುತ್ತಾ ಬಂದು ಕೊನೆಗೆ ಭಾನುವಾರ ಬೆಳಗಿನ ಫೋನು ಮಾತ್ರ ಉಳಿಯಿತು.

ಆ ಫೋನಾದರೂ ಎಂಥದು! ಹಳೆಯ ಬಟನ್ ಫೋನು. ಕಿವಿಗೆ ಹಾಕಿಕೊಂಡಿದ್ದ ಕೇಳುವ ಮಿಷನ್ನಿನ ಹತ್ತಿರ ಹಿಡಿದರೆ ಕುಂಯ್ ಎಂದು ಶಿಳ್ಳೆ ಹೊಡೆಯುತ್ತಿತ್ತು. ಹಾಗಾಗಿ ಕಾಜಾ ಅಮ್ಮ ಮಿಷನ್ ತೆಗೆದಿಟ್ಟು, ಬರಿ ಕಿವಿಗೆ ಫೋನು ಒತ್ತಿಕೊಂಡು, ವಾರದ ಸುದ್ದಿಯನ್ನೆಲ್ಲ ತಾವೇ ಹೇಳಿ ಮುಗಿಸುತ್ತಿದ್ದರು. ಆ ಕಡೆಯಿಂದ ಏನೋ ಗೊಣಗೊಣ ಕೇಳಿಸುತ್ತಿತ್ತಂತೆ.

"ಏನು ಹೇಳ್ತಾಳೆ ಅಂತ ಗೊತ್ತಾಗುತ್ತಾ?" ಎಂದು ನಾನು ಒಂದು ಸಲ ಕೇಳಿದ್ದೆ.

"ಮಾತು ಗೊತ್ತಾಗಲ್ಲ ಕಣೇ. ಅವಳು ಇದಾಳೆ ಅಂತ ಗೊತ್ತಾಗುತ್ತಲ್ಲ," ಎಂದಿದ್ದರು.

ಈ ಸಲ ಹಳೆಯ ಮಿಷನ್ ಪೂರ್ತಿ ಕೈಕೊಟ್ಟಿತು. ಕಿವಿ ಡಾಕ್ಟರು ಎರಡೂ ಕಿವಿಗೆ ಹೊಸದು ಹಾಕಿ, "ಇದನ್ನ ಫೋನಿಗೆ ಬ್ಲೂಟೂತಲ್ಲಿ ಜೋಡಿಸಬಹುದು. ಆದ್ರೆ ನಿಮ್ಮ ಈ ಫೋನಾಗಲ್ಲ, ಬೇರೆ ಬೇಕು," ಎಂದರು. ಜೊತೆಗೆ ಹೋಗಿದ್ದವಳು ನಾನೇ. ಕಾಜಾ ಅಮ್ಮ ಕೈ ಕೊಡವಿದರು. ಇರೋದೇ ಸಾಕು, ಆ ಬೆರಳಲ್ಲಿ ತೀಡುವ ಫೋನು ಯಾರಿಗೆ ಬೇಕು, ನನಗೇನು ಸಿನಿಮಾ ನೋಡಬೇಕಾ ಎಂದು ಒಂದೇ ಹಟ. ಆಗ ಡಾಕ್ಟರು, ಫೋನಿನಲ್ಲಿ ಮಾತಾಡುವವರ ಧ್ವನಿ ನೇರವಾಗಿ ಕಿವಿಯೊಳಗೇ ಬರುತ್ತದೆ ಎಂದು ಬಿಡಿಸಿ ಹೇಳಿದರು.

"ಪುಟ್ಟಿ ಧ್ವನೀನಾ?" ಎಂದರು ಕಾಜಾ ಅಮ್ಮ. ಆಸ್ಪತ್ರೆಯ ಮೆಟ್ಟಿಲು ಇಳಿದವರು ಸೀದಾ ಮೊಬೈಲ್ ಅಂಗಡಿಗೇ ನಡೆದರು. ದಾರಿಯುದ್ದಕ್ಕೂ ಒಂದೇ ಮಾತು. "ಸಾಯೋದ್ರೊಳಗೆ ಅವಳ ಧ್ವನಿ ಒಂದು ಸಲ ಸರಿಯಾಗಿ ಕೇಳಿಬಿಡ್ಬೇಕು ಕಣೇ."

ಅಂಗಡಿಯವನು ಅಭ್ಯಾಸದ ಮೇಲೆ ಗಡಗಡನೆ ಕೇಳಿದ. "ಹಳೇ ಫೋನಿಂದ ಏನೇನು ಹಾಕ್ಬೇಕಮ್ಮ? ಫೋಟೋ, ಮೆಸೇಜು, ನಂಬರು?"

"ಒಂದು ನಂಬರು," ಎಂದರು ಕಾಜಾ ಅಮ್ಮ.

ಅವನು ನನ್ನ ಮುಖ ನೋಡಿದ. ನನ್ನದನ್ನೂ ಹಾಕಪ್ಪ ಎಂದು ಹೇಳಿ ಎರಡು ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಮಿಷನ್ ಜೋಡಿಸಿಕೊಡಲು ಅವರ ಕೋಣೆಗೆ ಹೋದೆ. ಒಂದು ಮಂಚ, ಒಂದು ಒಲೆ, ಬೀದಿ ಕಡೆಗೆ ಒಂದು ಕಿಟಕಿ. ಫೋನಿನಲ್ಲಿ ಹುಡುಕಲು ಕೊಟ್ಟರೆ ಏನೇನೋ ಹೆಸರು ಸಾಲುಗಟ್ಟಿ ಬಂದವು. ಮೇಲಿನ ಮನೆಯವರ ಟೀವಿ, ಯಾರದೋ ಕೈಗಡಿಯಾರ, ಯಾರದೋ ಸ್ಪೀಕರು. "ಇಷ್ಟು ಜನ ಇದಾರಾ ಈ ಕಟ್ಟಡದಲ್ಲಿ?" ಎಂದು ಕಾಜಾ ಅಮ್ಮ ಬೆರಗಾದರು. ನಾನು ತಪ್ಪಿ ಸ್ಪೀಕರನ್ನೇ ಒತ್ತಿದೆ, ಅದು ಒಪ್ಪಲಿಲ್ಲ. ಮಿಷನ್ನುಗಳನ್ನು ಡಬ್ಬಿಯೊಳಗಿಟ್ಟು ತೆಗೆದು, ಮತ್ತೆ ಇಟ್ಟು ತೆಗೆದು, ನನ್ನ ತಲೆ ಗಿರ್ರೆನ್ನುವ ಹೊತ್ತಿಗೆ ಅವರು ಬೆಚ್ಚಿಬಿದ್ದರು. "ಟಿಂಗ್ ಅಂತು!"

ಪುಟ್ಟಿಯ ನಂಬರು ಒತ್ತಿದೆವು. ಆ ಕಡೆ ರಿಂಗಾಗುವುದು ಅವರಿಗೆ ಮಾತ್ರ ಕೇಳುತ್ತಿತ್ತು. ಮದುವೆ ಹೆಣ್ಣಿನ ಹಾಗೆ ನೆಟ್ಟಗೆ ಕೂತಿದ್ದರು. ಯಾರೋ ಎತ್ತಿದರು. ಕಾಜಾ ಅಮ್ಮನ ಮುಖ ಅರಳಿತು. ನೋಡುತ್ತಿದ್ದ ಹಾಗೇ ಸಪ್ಪಗಾಯಿತು.

"ಯಾರಮ್ಮ ನೀನು?" ಎಂದರು. ಸ್ವಲ್ಪ ತಡೆದು, "ನೀನು ಪುಟ್ಟಿ ಅಲ್ಲ. ಅವಳಿಗೆ ಕೊಡು ಫೋನು."

"ಮೊದಮೊದಲು ಧ್ವನಿ ಬೇರೆ ಥರ ಕೇಳಿಸುತ್ತೆ ಅಂತ ಡಾಕ್ಟರು ಹೇಳಿದ್ರಲ್ಲಮ್ಮಾ," ಎಂದು ನಾನು ನಡುವೆ ಬಾಯಿ ಹಾಕಿದೆ. ಕೈ ಅಡ್ಡ ಹಿಡಿದು ಸುಮ್ಮನಿರಿಸಿದರು. ಪುಟ್ಟಿಯದು ಚಿಕ್ಕಂದಿನಿಂದಲೂ ಗೊಗ್ಗರು ದನಿಯಂತೆ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಕೇಳಿ ಕೇಳಿ ಇವರ ತಲೆಯಲ್ಲಿ ಕೂತಿದ್ದ ದನಿ ಅದು. ಕಿವಿಯೊಳಗೆ 'ಅಕ್ಕಾ' ಎಂದದ್ದು ಎಳೆ ದನಿ.

ಆಮೇಲೆ ಅವರು ಬಹಳ ಹೊತ್ತು ಬರಿದೇ ಕೇಳಿಸಿಕೊಂಡರು. ನನಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಆ ಕಡೆಯವಳು ಹೇಳಿದ್ದನ್ನು, ಅಳು ತಡೆಯಲಾರದೆ ಅವಳು ನಿಲ್ಲಿಸಿದಾಗಲೆಲ್ಲ, ಕಾಜಾ ಅಮ್ಮ ನನಗೆ ತುಂಡು ತುಂಡಾಗಿ ಹೇಳಿದರು.

ಫೋನೆತ್ತಿದ್ದವಳು ಪುಟ್ಟಿಯ ಸೊಸೆ. ಪುಟ್ಟಿ ಹೋಗಿ ವರ್ಷವಾಗುತ್ತಾ ಬಂದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಹೋದಳು. ಅವತ್ತು ಇವರಿಗೆ ಎಷ್ಟು ಸಲ ಫೋನು ಮಾಡಿದರೂ ಇವರು ಎತ್ತಿರಲಿಲ್ಲ. ರಿಂಗೇ ಕೇಳಿಸದವರು ಹೇಗೆ ಎತ್ತುತ್ತಾರೆ? ಅದರ ಮುಂದಿನ ಭಾನುವಾರ ಇವರೇ ಮಾಡಿದಾಗ ಸೊಸೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಇವರು, "ಹೌದಾ? ಒಳ್ಳೇದಾಯ್ತು ಬಿಡು," ಎಂದವರು, ಅದೇ ಉಸಿರಿನಲ್ಲಿ "ಮಂಡಿನೋವು ಹೇಗಿದೆ ಪುಟ್ಟಿ?" ಎಂದು ಕೇಳಿದರು. ಹೇಳಿದ್ದು ಕೇಳಿಸಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಇನ್ನೊಂದು ಸಲ ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಹೂಂ ಅಕ್ಕಾ," ಎಂದುಬಿಟ್ಟಳು. ಆಮೇಲೆ ಪ್ರತಿ ಭಾನುವಾರವೂ ಹಾಗೇ ನಡೆಯಿತು. ಗಂಡನ ಹತ್ತಿರ ಮಾತ್ರ, 'ದೊಡ್ಡಮ್ಮನಿಗೆ ತಿಳಿಸಿದ್ದಾಯಿತು' ಎಂದಿದ್ದಳು.

ನನಗೆ ಮೈ ಉರಿದುಹೋಯಿತು. "ಎಂಥ ಹೆಂಗಸಮ್ಮಾ ಅದು! ವರ್ಷಪೂರ್ತಿ ಸತ್ತವಳ ಹೆಸರಲ್ಲಿ ಮಾತಾಡೋದಾ?"

"ಬೈಬೇಡ," ಎಂದರು ಕಾಜಾ ಅಮ್ಮ. "ತಂಗಿ ಸತ್ಲು ಅಂದ್ರೆ ಒಳ್ಳೇದಾಯ್ತು ಅಂದೋಳು ನಾನು."

ಸೊಸೆ ಇನ್ನೂ ಮಾತಾಡುತ್ತಿದ್ದಳು. "ಭಾನುವಾರ ಆದ್ರೆ ನಾನೇ ಕಾಯ್ತಿದ್ದೆ ದೊಡ್ಡತ್ತೆ. ಇವರು ಊಟಕ್ಕೆ ಬಂದಾಗ ಎರಡು ಮಾತು, ಅಷ್ಟೇ. ಈ ಮನೇಲಿ ನನ್ನ ಜೊತೆ ಅರ್ಧ ಗಂಟೆ ಮಾತಾಡೋರು ನೀವೊಬ್ರೇ," ಎಂದಳಂತೆ. ಅದನ್ನು ಹೇಳುವಾಗ ಮಾತ್ರ ಕಾಜಾ ಅಮ್ಮನ ಕಣ್ಣು ತುಂಬಿತು. ಅಲ್ಲಿಯವರೆಗೆ ತಂಗಿಗೂ ಅತ್ತಿರಲಿಲ್ಲ.

ಮೂಗು ಒರೆಸಿಕೊಂಡು ಫೋನಿಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಆಸ್ಪತ್ರೇಲಿ ಅವಳು ನನ್ನನ್ನ ಕೇಳಿದ್ಲಾ?"

ಉತ್ತರಕ್ಕೆ ಕಾದರು. "ಸರಿ ಕಣಮ್ಮ. ಬರೋ ಭಾನುವಾರ ಮಾಡ್ತೀನಿ. ಅಳ್ಬೇಡ, ಹೋಗಿ ಏನಾದ್ರೂ ತಿನ್ನು," ಎಂದರು. ಫೋನು ಇಡುವುದು ಹೇಗೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು.

"ಏನಂದ್ಲಮ್ಮಾ?"

"ನಿಮ್ಮ ಹೆಸರೇ ಹೇಳ್ತಿದ್ರು, ಕೊನೇವರೆಗೂ ನಿಮ್ಮನ್ನೇ ಕೇಳ್ತಿದ್ರು ಅಂದ್ಲು."

"ನೋಡಿ ಮತ್ತೆ!" ನನಗೆ ಹೋದ ಜೀವ ಬಂದ ಹಾಗಾಯಿತು. "ಅಕ್ಕನ್ನ ಹೇಗೆ ಮರೀತಾಳೆ?"

ಕಾಜಾ ಅಮ್ಮ ಕಿಟಕಿಯ ಕಡೆ ತಿರುಗಿಕೊಂಡರು.

"ಅದನ್ನ ಹೇಳೋ ಮುಂಚೆ ಉಗುಳು ನುಂಗಿದ್ಲು ಕಣೇ," ಎಂದರು. "ಅದೂ ಕೇಳಿಸ್ತು."